ಆಸ್ತಿಯ ಜೊತೆ ಹೋಗುವ ಹೆಣ್ಣು

ಅಥೆನ್ಸ್
ಬೊಯೆದ್ರೋಮಿಯೋನ್ ತಿಂಗಳು, ಏರುಚಂದ್ರನ ಏಳನೆಯ ದಿನ

ಮೆಲಿತ್ತಾ ತನ್ನ ಗಂಡ ಪಿಸ್ತಿಯಾಸನಿಗೆ: ಸಂತೋಷವಾಗಿರು.

ಹಾಗೆ ಬರೆಯುವುದು ಪದ್ಧತಿ ಅಂತ ಬರೆದೆ. ಈ ಪತ್ರ ಓದಿ ಮುಗಿಸಿದ ಮೇಲೂ ನೀನು ಸಂತೋಷವಾಗಿದ್ದರೆ, ನಿನ್ನ ನನ್ನ ಋಣ ತೀರಿತು ಅಂತ ತಿಳಿದುಕೋ.

ಅಪ್ಪನ ಮೂವತ್ತನೆಯ ದಿನದ ಶಾಸ್ತ್ರ ನಿನ್ನೆ ಮುಗಿಯಿತು. ಸಮಾಧಿಗೆ ಎಣ್ಣೆ ಸುರಿದು, ಕಲ್ಲಿಗೆ ಹೊಸ ಪಟ್ಟಿ ಕಟ್ಟಿ ಬಂದೆವು. ದೊಡ್ಡಪ್ಪ ಹೆಗೆಸಿಯಾಸ್ ಊಟಕ್ಕೆ ಬಂದಿದ್ದರು. ಬೇಳೆಯ ಗಂಜಿ ಎರಡು ಸಲ ಹಾಕಿಸಿಕೊಂಡು ಉಂಡರು, ಅಪ್ಪನನ್ನು ನೆನೆದು ಅತ್ತರು, ಮೂಗು ಒರೆಸಿಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ನೋಡು ಮಗಳೇ, ನಿಮ್ಮಪ್ಪನಿಗೆ ಗಂಡು ಮಕ್ಕಳಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದ್ರೂ ನಿನಗೂ ಮಗುವಾಗಿಲ್ಲ. ಕಾನೂನು ಏನ್ ಹೇಳುತ್ತೆ ಗೊತ್ತಲ್ಲ? ಆಸ್ತಿ ಜೊತೆಗೆ ಹೆಣ್ಣೂ ಹತ್ತಿರದ ನೆಂಟನಿಗೆ ಹೋಗ್ಬೇಕು. ಹತ್ತಿರದ ನೆಂಟ ಅಂದ್ರೆ ಇನ್ಯಾರು, ನಾನೇ."

"ದೊಡ್ಡಪ್ಪಾ, ನಂಗೆ ಗಂಡ ಇದ್ದಾನೆ!"

"ಇರ್ಲಿ ಬಿಡಮ್ಮಾ. ಅದನ್ನ ನ್ಯಾಯಸ್ಥಾನ ಬಿಡಿಸುತ್ತೆ."

ಮಗಳೇ ಅಂತ ಕರೆದು, ಅದೇ ಬಾಯಲ್ಲಿ ಹೆಂಡತಿಯಾಗು ಅಂದರು. ನಮ್ಮ ದಾದಿ ಥ್ರಾತ್ತಾ ಕೈಯಲ್ಲಿದ್ದ ಮಡಕೆ ಬಿಟ್ಟೇಬಿಟ್ಟಳು. ನಾನು ಮೂರು ವರ್ಷದವಳಿದ್ದಾಗ ಇವರ ಹೆಗಲ ಮೇಲೆ ಕೂತು ಅಥೇನಾ ದೇವಿಯ ಮೆರವಣಿಗೆ ನೋಡಿದ್ದೆ. ಈಗ ಅದೇ ಹೆಗಲು ನೋಡಿದರೆ ಮೈ ಉರಿಯುತ್ತದೆ.

ಇವರು ತಮಾಷೆ ಮಾಡುತ್ತಿಲ್ಲ, ಪಿಸ್ತಿಯಾಸ್. ಅಧಿಕಾರಿಯ ಹತ್ತಿರ ಹಕ್ಕು ಬರೆಸಿಯೇ ಬಂದಿದ್ದಾರೆ. ಮುಂದಿನ ತಿಂಗಳ ಕೊನೆಯ ದೊಡ್ಡ ಸಭೆಯಲ್ಲಿ ಅದನ್ನು ಎಲ್ಲರ ಮುಂದೆ ಓದುತ್ತಾರೆ. ಡಂಗುರದವನು "ಇದಕ್ಕೆ ಎದುರು ಹೇಳುವವರು ಇದ್ದೀರಾ?" ಅಂತ ಕೂಗುತ್ತಾನೆ. ಹೆಂಗಸು ಅಲ್ಲಿ ಕಾಲಿಡುವ ಹಾಗಿಲ್ಲ, ನಿನಗೆ ಗೊತ್ತು. ನನ್ನ ಪರವಾಗಿ ಏಳಬೇಕಾದವನು ನೀನೊಬ್ಬನೇ. ಯಾರೂ ಏಳದಿದ್ದರೆ ನಾನು, ಈ ಮನೆ, ಇಮೆತ್ತೋಸ್ ಬೆಟ್ಟದ ಮೇಲಿನ ಅಪ್ಪನ ಜೇನುಗೂಡುಗಳು, ಥ್ರಾತ್ತಾ, ಎರಡು ಕತ್ತೆ, ಎಲ್ಲ ಒಂದೇ ಗಂಟಾಗಿ ದೊಡ್ಡಪ್ಪನ ಪಾಲು.

ಬಾ. ನೀನು ಅಲ್ಲಿ ಕೆತ್ತುತ್ತಿರುವ ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ಓದಿ ಆದ ಮೇಲೆ ಈ ಮೇಣದ ಹಲಗೆಯನ್ನೇ ಉಜ್ಜಿ, ಅದರ ಮೇಲೆ ಉತ್ತರ ಬರೆದು ಇದೇ ದೋಣಿಯವನ ಕೈಗೆ ಕೊಡು.

ಗಟ್ಟಿಯಾಗಿರು.
ಮೆಲಿತ್ತಾ


ಎಪಿಡಾರಸ್
ಇಲ್ಲಿನ ಲೆಕ್ಕದಲ್ಲಿ ಹುಣ್ಣಿಮೆಯ ಮರುದಿನ

ಪಿಸ್ತಿಯಾಸ್ ಮೆಲಿತ್ತಾಳಿಗೆ: ಸಂತೋಷವಾಗಿರು.

ನಿನ್ನ ಪತ್ರ ಓದಿ ಉಳಿ ಎಲ್ಲಿಟ್ಟೆ ಅಂತಲೇ ಮರೆತೆ. ಅದು ನನ್ನ ಕೈಯಲ್ಲೇ ಇತ್ತು.

ಮೊದಲು ಇಲ್ಲಿಯ ಸಂಗತಿ ಹೇಳಿಬಿಡುತ್ತೇನೆ, ಬೈಯಬೇಡ. ವೈದ್ಯದೇವರ ಗುಡಿಯ ನೆತ್ತಿಗೆ ಕೂರಿಸುವ ಕುದುರೆ ಸವಾರಳು ನನ್ನ ಪಾಲಿಗೆ ಬಂದಿದ್ದಾಳೆ ಅಂತ ಹೇಳಿದ್ದೆನಲ್ಲ, ಆ ಕುದುರೆ ಎದ್ದಿತು! ಮೊನ್ನೆ ಬೆಳಿಗ್ಗೆ ಕತ್ತಿನ ಕೆಳಗೆ ಒಂದು ನರ ಕೆತ್ತಿದೆ, ಅಷ್ಟೇ. ಇಡೀ ಪ್ರಾಣಿ ಉಸಿರೆಳೆದುಕೊಂಡ ಹಾಗಾಯಿತು. ಕಲ್ಲು ಹೊರುವವರೂ ಬಂದು ನಿಂತು ನೋಡಿದರು. ಮೆಲಿತ್ತಾ, ಇಂಥದ್ದು ನನ್ನ ಕೈಯಿಂದ ಇದುವರೆಗೆ ಆಗಿರಲಿಲ್ಲ. ಸವಾರಳ ಮುಖ ಮಾತ್ರ ಬಾಕಿ. ಚಳಿಗಾಲಕ್ಕೆ ಮುಂಚೆ ಮೇಲೆ ಏರಿಸಬೇಕಂತೆ. ಮೇಸ್ತ್ರಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: "ನಡುವೆ ಬಿಟ್ಟು ಹೋದೋನ ಹೆಸರು ಹೊಡೆದು ಹಾಕ್ತೀನಿ. ಅವನು ಆಮೇಲೆ ಯಾವ ಗುಡಿ ಮೆಟ್ಟಿಲೂ ಹತ್ತೋ ಹಾಗಿಲ್ಲ."

ಇಲ್ಲಿ ಒಬ್ಬ ತತ್ತ್ವಜ್ಞಾನಿ ಇದ್ದಾನೆ. ಹೊಟ್ಟೆನೋವು ವಾಸಿಯಾಗಲಿ ಅಂತ ಗುಡಿಯಲ್ಲಿ ಮಲಗಿ ದೇವರ ಕನಸಿಗೆ ಕಾಯುತ್ತಾನೆ. ಕನಸು ಬೀಳುತ್ತಿಲ್ಲ, ಅದಕ್ಕೆ ದಿನವಿಡೀ ನನ್ನ ತಲೆ ತಿನ್ನುತ್ತಾನೆ. ಕುದುರೆ ಮೊದಲೇ ಕಲ್ಲಿನಲ್ಲಿ ಇತ್ತೋ, ನೀನು ತಂದು ಇಟ್ಟೆಯೋ ಅಂತ ಕೇಳಿದ. ನಿನ್ನ ವಿಷಯ ಹೇಳಿದ್ದೇ ತಪ್ಪಾಯಿತು.

"ಹಾಗಾದ್ರೆ ಹೇಳಪ್ಪಾ, ಹೆಂಡತಿ ನಿನ್ನವಳಾಗಿದ್ದು ಪ್ರಕೃತಿಯಿಂದಲೋ, ಕಟ್ಟಳೆಯಿಂದಲೋ?"

"ಅಭ್ಯಾಸದಿಂದ ಸ್ವಾಮೀ," ಅಂದೆ. ಅದಕ್ಕೆ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಹೊಟ್ಟೆನೋವು ಮರೆತು ಎರಡು ಅಂಜೂರ ತಿಂದ, ಮತ್ತೆ ನರಳಿದ.

ಈಗ ವಿಷಯಕ್ಕೆ ಬರುತ್ತೇನೆ. ಸಾವಿರಾರು ಜನರ ಮುಂದೆ ನಿಂತು ಮಾತಾಡುವುದು ನನ್ನಿಂದ ಆದೀತೇ? ನಮ್ಮ ಮದುವೆಯ ದಿನ ನಿಮ್ಮಪ್ಪನ ಮುಂದೆ ನಾಲ್ಕು ಮಾತು ಹೇಳಲು ಹೋಗಿ ನೀರು ಕೇಳಿದವನು ನಾನು. ನನಗೆ ಒಂದು ದಾರಿ ತೋಚಿದೆ. ದೊಡ್ಡಪ್ಪನಿಗೆ ಬೇಕಾದದ್ದು ಬೆಟ್ಟ ತಾನೇ? ಮನೆ, ಜೇನು ಎಲ್ಲ ಬಿಟ್ಟುಕೊಟ್ಟುಬಿಡು. ಆಗ ಅವರು ನಿನ್ನ ತಂಟೆಗೆ ಬರುವುದಿಲ್ಲ. ನೀನು ಇಲ್ಲಿಗೇ ಬಂದುಬಿಡು. ನೆಲ ಒಣಗಿದ್ದರೂ ಗಾಳಿ ಚೆನ್ನಾಗಿದೆ.

ಗಟ್ಟಿಯಾಗಿರು.
ಪಿಸ್ತಿಯಾಸ್


ಅಥೆನ್ಸ್
ಬೊಯೆದ್ರೋಮಿಯೋನ್ ತಿಂಗಳು, ಇಳಿಚಂದ್ರನ ಐದನೆಯ ದಿನ

ಮೆಲಿತ್ತಾ ಪಿಸ್ತಿಯಾಸನಿಗೆ.

ಸಂತೋಷ ಗಿಂತೋಷ ಇಲ್ಲ. ನೇರವಾಗಿ ಬೈಗುಳಕ್ಕೇ ಬರುತ್ತೇನೆ.

ಬಿಟ್ಟುಕೊಟ್ಟುಬಿಡು ಅಂದೆಯಲ್ಲ, ಏನನ್ನು? ಅಪ್ಪನಿಗೆ ಇದ್ದವಳು ನಾನೊಬ್ಬಳು. ಗಂಡು ಮಗ ಇಲ್ಲ ಅಂತ ನನಗೇ ಅಕ್ಷರ ಕಲಿಸಿದರು, ಹೊಗೆ ಹಾಕಿ ಗೂಡು ತೆಗೆಯುವುದನ್ನು ಕಲಿಸಿದರು. ನಾಳೆ ನನಗೆ ಮಗ ಹುಟ್ಟಿದರೆ ಅವನು ಅಪ್ಪನ ಹೆಸರು ಹೊತ್ತು ಈ ಒಲೆಯ ಮುಂದೆ ನಿಲ್ಲಬೇಕು. ನಾನು ಎದ್ದು ಎಪಿಡಾರಸ್‌ಗೆ ಬಂದರೆ ಅಪ್ಪನ ಮನೆಯೇ ಆರಿಹೋಯಿತು. ಕುದುರೆಯ ಕತ್ತಿನ ನರ ಕಾಣುವ ನಿನ್ನ ಕಣ್ಣಿಗೆ ಇಷ್ಟು ಕಾಣಲಿಲ್ಲವೇ?

ಇನ್ನೊಂದು. ನನ್ನ ಹಲಗೆ ವಾಪಸು ಬರಲಿಲ್ಲ. ಎಲ್ಲರೂ ಬಂದ ಹಲಗೆಯನ್ನೇ ಉಜ್ಜಿ ಉತ್ತರ ಬರೆಯುತ್ತಾರೆ, ನೀನು ಹೊಸದು ತಂದು ಬರೆದಿದ್ದೀಯ. ನನ್ನದನ್ನು ಏನು ಮಾಡಿದೆ? ನಿನ್ನದನ್ನು ನಾನು ಜಗಳಕ್ಕೆ ಸಾಕ್ಷಿ ಅಂತ ಎತ್ತಿಟ್ಟೆ, ಅದಕ್ಕೆ ಹೊಸದು ತರಲು ಥ್ರಾತ್ತಾ ಪೇಟೆಗೆ ಓಡಬೇಕಾಯಿತು.

ಸರಿ, ಕೋಪ ಅರ್ಧ ಇಳಿಯಿತು. ಈಗ ಕೇಳು, ಇಲ್ಲಿ ಏನು ನಡೆದಿದೆ ಅಂತ! ನಿನ್ನೆ ಹಿಂಬಾಗಿಲಿನಿಂದ ದೊಡ್ಡಮ್ಮ ಬಂದಳು. ಹೌದು, ಲಿಸಿಲ್ಲಾ ದೊಡ್ಡಮ್ಮನೇ, ದೊಡ್ಡಪ್ಪನ ಹೆಂಡತಿ. ಮುಸುಕು ತೆಗೆದರೆ ಕಣ್ಣು ಕೆಂಡ.

"ನನ್ನನ್ನ ಅಣ್ಣನ ಮನೆಗೆ ವಾಪಸ್ ಕಳಿಸ್ತಾರಂತೆ ಕಣೆ! ಒಬ್ಬಳನ್ನ ಬಿಡದೆ ಇನ್ನೊಬ್ಬಳನ್ನ ಕಟ್ಕೊಳ್ಳೋ ಹಾಗಿಲ್ವಲ್ಲ. ಮೂವತ್ತು ವರ್ಷ ಇವರ ಕಾಲು ಒತ್ತಿದ್ದೀನಿ. ಮೂರು ಹೆಣ್ಣು ಹೆತ್ತೆ, ಗಂಡು ಹೆರಲಿಲ್ಲ, ಅದೇ ನನ್ನ ತಪ್ಪಂತೆ."

"ದೊಡ್ಡಮ್ಮಾ, ಅವರಿಗೆ ಬೇಕಾಗಿರೋದು ಬೆಟ್ಟ ತಾನೇ?"

"ಬೆಟ್ಟ ಅಲ್ವೇ ಹುಚ್ಚಿ. ಗಂಡು ಮಗು. ಈ ವಯಸ್ಸಿಗೆ! ಮೆಟ್ಟಿಲು ಹತ್ತೋವಾಗ ನಡುವೆ ಕೂತ್ಕೋತಾರೆ, ಅವರಿಗೆ ಗಂಡು ಮಗು ಬೇಕಂತೆ!"

ಆಗ ನನಗೆ ಅಪ್ಪ ಓದಿಸಿದ್ದ ಒಂದು ಮಾತು ನೆನಪಾಯಿತು. ದೊಡ್ಡಪ್ಪ ಕುಣಿದಾಡುತ್ತಿರುವ ಇದೇ ಕಾನೂನನ್ನು, ಹಿಂದೆ ಊರಿಗೆಲ್ಲ ಕಟ್ಟಳೆ ಮಾಡಿಕೊಟ್ಟ ಸೋಲೋನ್ ಅಜ್ಜ ಬರೆದಿಟ್ಟಾಗ ಅದರ ಜೊತೆ ಇನ್ನೊಂದು ಕಟ್ಟಳೆಯನ್ನೂ ಇಟ್ಟಿದ್ದಾನೆ. ಹೀಗೆ ಆಸ್ತಿಯ ಜೊತೆ ಹೆಣ್ಣನ್ನು ತೆಗೆದುಕೊಂಡವನು ತಿಂಗಳಿಗೆ ಕಡಿಮೆ ಅಂದರೂ ಮೂರು ಸಲ ಅವಳ ಹಾಸಿಗೆಗೆ ಬರಲೇಬೇಕು. ಆಗದಿದ್ದರೆ ಅವಳು ಅವನನ್ನು ಬಿಟ್ಟು ಅವನ ಹತ್ತಿರದ ನೆಂಟನ ಮನೆಗೆ ನಡೆಯಬಹುದು. ನಾನು ಅದನ್ನು ಹೇಳಿದ್ದೇ ತಡ, ದೊಡ್ಡಮ್ಮ ಅಳುತ್ತಿದ್ದವಳು ನಕ್ಕಳು ನೋಡು, ಗೋಡೆ ಹಿಡಿದುಕೊಂಡು ನಕ್ಕಳು.

"ತಿಂಗಳಿಗೆ ಮೂರು ಸಲ! ತಾಯಿ ಮಗಳು ಇಬ್ಬರು ದೇವಿಯರಾಣೆ, ಅವರು ತಿಂಗಳಿಗೆ ಮೂರು ಸಲ ಸ್ನಾನಾನೂ ಮಾಡಲ್ಲ ಕಣೆ!"

ಇಬ್ಬರೂ ಒಂದು ಉಪಾಯ ಮಾಡಿದ್ದೇವೆ. ಈಗ ಹೇಳುವುದಿಲ್ಲ. ಆದರೆ ಉಪಾಯ ನಂಬಿಕೊಂಡು ನೀನು ಅಲ್ಲೇ ಕೂರಬೇಡ. ನಮ್ಮದು ಬರೀ ಹೆಂಗಸರ ಕೈವಾಡ. ಸಭೆಯಲ್ಲಿ ಏಳುವುದಕ್ಕೆ ಗಂಡಸೇ ಬೇಕು. ದಿನ ಎಣಿಸುವಾಗ, ಅಲ್ಲಿನ ತಿಂಗಳ ಲೆಕ್ಕ ನಮ್ಮದಕ್ಕಿಂತ ಎರಡು ದಿನ ಹಿಂದಿದೆ ಅನ್ನುವುದನ್ನು ಮರೆಯಬೇಡ.

ಮೆಲಿತ್ತಾ


ಅಥೆನ್ಸ್
ಪ್ಯಾನೆಪ್ಸಿಯೋನ್ ತಿಂಗಳು, ಹುಣ್ಣಿಮೆ

ಮೆಲಿತ್ತಾ ಪಿಸ್ತಿಯಾಸನಿಗೆ: ಬದುಕಿದ್ದೀಯಾ?

ಮೂರು ದೋಣಿ ಬಂದವು, ನಿನ್ನಿಂದ ಒಂದಕ್ಷರ ಇಲ್ಲ. ಹಲಗೆಯೂ ಇಲ್ಲ. ನಿನ್ನ ಮೌನಕ್ಕೆ ನಾನು ಅರ್ಥ ಹುಡುಕುತ್ತಾ ಕೂತರೆ ಹುಚ್ಚು ಹಿಡಿದೀತು, ಅದಕ್ಕೆ ನನ್ನ ಸಂಭ್ರಮವನ್ನೇ ಬರೆಯುತ್ತೇನೆ.

ದೆಮೆತರ್ ತಾಯಿಯ ಹಬ್ಬ ಮುಗಿಯಿತು. ಅಲ್ಲಿ ಹೆಂಗಸರ ನಡುವೆ ನಡೆದದ್ದನ್ನು ಗಂಡಸರಿಗೆ ಹೇಳಬಾರದು. ನೀನು ಊರಲ್ಲಿಲ್ಲ, ಅದಕ್ಕೆ ಅರ್ಧ ಹೇಳುತ್ತೇನೆ, ಪಾಪ ಬಂದರೆ ಅರ್ಧವೇ ಬರಲಿ.

ಎರಡನೆಯ ದಿನ ಎಲ್ಲರೂ ಉಪವಾಸವಿದ್ದು ಗುಡ್ಡದ ಮೇಲೆ ಬರಿ ನೆಲದಲ್ಲಿ ಕೂರುತ್ತೇವಲ್ಲ. ಮಗಳನ್ನು ಕಳೆದುಕೊಂಡಾಗ ದೆಮೆತರ್ ತಾಯಿ ಹಾಗೆಯೇ ಕೂತಿದ್ದಳಂತೆ. ಆಮೇಲೆ ಅವಳನ್ನು ನಗಿಸಬೇಕು, ಅವಳು ನಕ್ಕರೇ ಬೆಳೆ. ಅದಕ್ಕೆ ಅವತ್ತು ಮರ್ಯಾದಸ್ಥ ಮನೆಯ ಹೆಂಗಸರೂ ಬಾಯಿಗೆ ಬಂದದ್ದು ಆಡುತ್ತಾರೆ. ಪ್ರತಿ ವರ್ಷ ಅದೇ ಹಳೇ ತಮಾಷೆಗಳು. ಈ ಸಲ ದೊಡ್ಡಮ್ಮ ಎದ್ದಳು! ಹೊಟ್ಟೆಗೆ ದಿಂಬು ಕಟ್ಟಿದಳು, ಕೋಲು ಹಿಡಿದಳು, ಥೇಟು ದೊಡ್ಡಪ್ಪನ ಹಾಗೆ ಕೆಮ್ಮುತ್ತಾ ಬಂದಳು. ನಾನು ಮದುಮಗಳು, ಹುಲ್ಲಿನ ಹಾಸಿಗೆಯ ಮೇಲೆ ಕೂತಿದ್ದೆ.

"ಬಂದೆ ಕಣೇ ಹೊಸ ಹೆಂಡ್ತೀ, ಬಂದೆ... ಸ್ವಲ್ಪ ತಾಳು, ಮಂಡಿ ಬರ್ತಾ ಇಲ್ಲ."

"ಬನ್ನಿ ಯಜಮಾನರೇ, ಕಾನೂನು ಕಾಯ್ತಾ ಇದೆ. ಎಷ್ಟು ಸಲ ಅಂತ ಗೊತ್ತಲ್ಲ?"

"ಒಂದು ಸಲ ಸಾಲ್ದಾ ತಾಯೀ?"

ಆಗ ಹೆಂಗಸರೆಲ್ಲ ಒಟ್ಟಿಗೆ ಬೆರಳು ಎತ್ತಿ "ಮೂರು!" ಅಂತ ಕೂಗಿದರು. ದೊಡ್ಡಮ್ಮ ಎದೆ ಹಿಡಿದುಕೊಂಡು ಬಿದ್ದಳು. ಗುಡ್ಡ ಅದುರಿತು. ಒಬ್ಬಳು ಬಸುರಿ ಹೊಟ್ಟೆ ಹಿಡಿದುಕೊಂಡು "ಸಾಕು ನಿಲ್ಸ್ರೇ, ಇಲ್ಲೇ ಹೆತ್ತುಬಿಡ್ತೀನಿ!" ಅಂದಳು. ನಾಲ್ಕು ಸಲ ಆಡಿಸಿದರು ನಮ್ಮನ್ನು. ತಾಯಿ ನಕ್ಕಿರಲೇಬೇಕು, ಈ ವರ್ಷ ಬಾರ್ಲಿ ಹುಲುಸಾಗಿ ಬಂದರೆ ನಮ್ಮಿಬ್ಬರ ಉಪಕಾರ.

ಗಂಡಸರಿಗೆ ಹೇಳಬಾರದು ಅಂತ ಎಲ್ಲರೂ ಆಣೆ ಇಟ್ಟು ಮನೆಗೆ ಹೋದರು. ನಿನ್ನೆ ಥ್ರಾತ್ತಾ ಪೇಟೆಯಲ್ಲಿ ನೋಡಿದಳಂತೆ: ದೊಡ್ಡಪ್ಪ ಒಂದು ಮೀನು ಕೇಳಿದ್ದಾರೆ, ಮೀನಿನವನು ಗಂಭೀರವಾಗಿ ಮೂರು ಎತ್ತಿಕೊಟ್ಟಿದ್ದಾನೆ. ಪಕ್ಕದಲ್ಲಿದ್ದವರು ಬೇರೆ ಕಡೆ ತಿರುಗಿ ಕೆಮ್ಮಿದರಂತೆ. ದೊಡ್ಡಪ್ಪನಿಗೆ ಏನೂ ಅರ್ಥವಾಗಲಿಲ್ಲ, ಮೂರನ್ನೂ ತಗೊಂಡು ಮನೆಗೆ ಹೋದರಂತೆ.

ನಗುತ್ತಿದ್ದೇನೆ, ಆದರೆ ದಿನ ಎಣಿಸುತ್ತಲೂ ಇದ್ದೇನೆ. ನಗುವಿಗೆ ಕಾನೂನನ್ನು ಅಳಿಸುವ ಶಕ್ತಿ ಇಲ್ಲ. ಅವರು ಹಟ ಹಿಡಿದು ನಿಂತರೆ, ನೀನು ಬಾರದಿದ್ದರೆ, ನಾನು ಆ ಮನೆಗೆ ಹೋಗಲೇಬೇಕು. ಸಭೆಗೆ ಇನ್ನು ಹತ್ತೇ ದಿನ. ನೀನು ಬರುವುದಿಲ್ಲ ಅಂತಾದರೆ ಬರುವುದಿಲ್ಲ ಅಂತ ಬರೆ. ಅಷ್ಟಾದರೂ ಬರೆ.

ಮೆಲಿತ್ತಾ


ಅಥೆನ್ಸ್
ಪ್ಯಾನೆಪ್ಸಿಯೋನ್ ತಿಂಗಳು, ಇಳಿಚಂದ್ರನ ಹತ್ತನೆಯ ದಿನ

ಮೆಲಿತ್ತಾ ಪಿಸ್ತಿಯಾಸನಿಗೆ: ಸಂತೋಷವಾಗಿರು! ಸಂತೋಷವಾಗಿರು!

ಸಭೆ ಇವತ್ತು ಬೆಳಿಗ್ಗೆ ಆಯಿತು. ನೀನು ಬರಲಿಲ್ಲ. ಆ ಮಾತು ಆಮೇಲೆ.

ನಾನು, ದೊಡ್ಡಮ್ಮ, ಥ್ರಾತ್ತಾ ಮೂವರೂ ಮಾಳಿಗೆ ಹತ್ತಿ ಸಭೆಯ ಗುಡ್ಡದ ಕಡೆ ಕಿವಿ ಕೊಟ್ಟು ನಿಂತಿದ್ದೆವು. ನಮ್ಮ ಮಾಳಿಗೆಗೆ ಗುಡ್ಡ ಎಷ್ಟು ಹತ್ತಿರ ಅಂತ ನಿನಗೆ ಗೊತ್ತಲ್ಲ. ಡಂಗುರದವನ ದನಿ ಬರುತ್ತಿತ್ತು, ಮಾತು ಗೊತ್ತಾಗುತ್ತಿರಲಿಲ್ಲ. ದೊಡ್ಡಮ್ಮ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಈಗಲೂ ಗುರುತು ಇದೆ. ಒಂದು ಗಳಿಗೆ ಎಲ್ಲ ಸ್ತಬ್ಧ. ಆಮೇಲೆ ಒಂದು ಸದ್ದು ಬಂತು. ಥ್ರಾತ್ತಾ ಭೂಕಂಪ ಅಂತ ಕಿರುಚಿದಳು. ಅದು ನಗು, ಪಿಸ್ತಿಯಾಸ್! ಸಾವಿರಾರು ಗಂಡಸರ ನಗು ಗುಡ್ಡ ಇಳಿದು ನಮ್ಮ ಬೀದಿಗೆ ಬಂತು. ದೊಡ್ಡಮ್ಮ ನನ್ನನ್ನು ತಬ್ಬಿಕೊಂಡು ಕುಣಿದಳು, ನಾನೂ ಕುಣಿದೆ, ಪಕ್ಕದ ಮನೆಯವರು "ಮಾಳಿಗೆ ಬೀಳುತ್ತೆ ಕಣ್ರೇ" ಅಂತ ಬೈದರು.

ನಡೆದದ್ದನ್ನು ದೊಡ್ಡಮ್ಮನ ಅಣ್ಣ ಬಂದು ಹೇಳಿದರು. "ಹೆಗೆಸಿಯಾಸ್ ತನ್ನ ತಮ್ಮನ ಆಸ್ತಿಯನ್ನೂ ಮಗಳನ್ನೂ ಕೇಳುತ್ತಿದ್ದಾನೆ" ಅಂತ ಓದಿದರಂತೆ. "ಎದುರು ಹೇಳುವವರು ಇದ್ದೀರಾ?" ಅಂತ ಡಂಗುರದವನು ಕೂಗಿದನಂತೆ. ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗಿದಾಗಲೂ ಏಳಲಿಲ್ಲ. ಆಗ ಹಿಂದಿನಿಂದ ಯಾರೋ ಒಬ್ಬ, "ಎದುರಿಲ್ಲ ಸ್ವಾಮೀ, ತಿಂಗಳಿಗೆ ಎಷ್ಟು ಸಲ ಅಂತ ಅವರ ಬಾಯಲ್ಲೇ ಹೇಳಿಸಿ!" ಅಂದನಂತೆ. ಅಲ್ಲಿಂದ ಶುರುವಾಯಿತು. ಸಭೆಗೆ ಸಭೆಯೇ ಬೆರಳು ಎತ್ತಿತಂತೆ. ದೊಡ್ಡಪ್ಪ ಕೈ ಎತ್ತಿ ಏನೋ ಹೇಳಲು ನೋಡಿದರಂತೆ, ಕೇಳುವವರು ಯಾರು? ಕೊನೆಗೆ ಅಧಿಕಾರಿಯ ಹತ್ತಿರ ಹೋಗಿ, "ಬೇಡ, ತೆಗೆದುಹಾಕಿ" ಅಂದರಂತೆ. ಹಕ್ಕು ಬಿಟ್ಟರು. ಅವರ ಆಚೆಗೆ ನಮಗೆ ಹತ್ತಿರದ ನೆಂಟರು ಯಾರೂ ಇಲ್ಲ. ದೂರದವರು ಇದ್ದರೂ ಆ ನಗು ಕೇಳಿದ ಮೇಲೆ ಬಾಯಿ ಬಿಡುವುದಿಲ್ಲ. ಮನೆ ಉಳಿಯಿತು, ಅಪ್ಪನ ಒಲೆ ಉಳಿಯಿತು, ನಾನು ಉಳಿದೆ.

ಮಧ್ಯಾಹ್ನ ದೊಡ್ಡಪ್ಪ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ಕೂತರು.

"ನಕ್ಕುಬಿಟ್ರು ಕಣಮ್ಮಾ. ನನ್ನ ಜೊತೆ ಯುದ್ಧಕ್ಕೆ ಬಂದೋರೂ ನಕ್ಕುಬಿಟ್ರು."

ಗೆದ್ದವಳು ನಾನು, ಆದರೂ ಒಳಗೆ ಓಡಿದೆ, ಏನು ಮಾಡಲಿ. ಜೇನು ಬೆರೆಸಿದ ದ್ರಾಕ್ಷಾರಸ ತಂದುಕೊಟ್ಟೆ. ಸ್ವಲ್ಪ ಕುಡಿದು ಹೇಳಿದರು: "ನಿನ್ನ ಆಸ್ತಿ ತಿನ್ನೋಕೆ ಅಲ್ಲಮ್ಮಾ. ನಾನು ಸತ್ತ ಮೇಲೆ ಸಮಾಧಿಗೆ ಎಣ್ಣೆ ಸುರಿಯೋಕೆ ಒಬ್ಬ ಮಗ ಬೇಕಿತ್ತು, ಅಷ್ಟೇ."

"ದೊಡ್ಡಪ್ಪಾ, ನಿಮ್ಮಪ್ಪನ ಸಮಾಧಿಗೆ ನೀವು ಯಾವಾಗ ಹೋಗಿದ್ರಿ?"

ಅವರು ಯೋಚಿಸಿದರು. ನೆನಪಾಗಲಿಲ್ಲ.

"ಎಣ್ಣೆ ಹೊತ್ತುಕೊಂಡು ಹೋಗೋರು ನಾವು, ಪಟ್ಟಿ ಕಟ್ಟೋರು ನಾವು, ಅಳೋರೂ ನಾವೇ. ಮೂರು ಹೆಣ್ಣುಮಕ್ಕಳು, ನಾನು ನಾಲ್ಕನೆಯವಳು. ಇನ್ನೇನು ಬೇಕು ನಿಮಗೆ?"

ಅವರು ಬಟ್ಟಲು ಬರಿದು ಮಾಡಿ ಹೊಸ್ತಿಲ ಮೇಲಿಟ್ಟರು. ದೊಡ್ಡಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡು ಹೊರಗೆ ಬಂದು, "ಏಳ್ರೀ, ಮನೆಗೆ ಹೋಗೋಣ, ಮೀನು ಕೆಡುತ್ತೆ," ಅಂದಳು. ಅವರು ಅವಳ ಭುಜ ಹಿಡಿದುಕೊಂಡು ಎದ್ದರು. ಹೋಗುವಾಗ ಅವಳು ನನ್ನ ಕಡೆ ತಿರುಗಿ ನೋಡಲೇ ಇಲ್ಲ.

ಈಗ ನಿನ್ನ ಮಾತು. ಸಭೆಯಲ್ಲಿ ಎರಡು ಸಲ ಕೂಗಿದಾಗ ಯಾರೂ ಏಳಲಿಲ್ಲ ಅಂತ ಕೇಳಿದಾಗ ನನಗೆ ಏನಾಯಿತು ಅಂತ ಬರೆಯುವುದಿಲ್ಲ. ನೀನೇ ತಿಳಿದುಕೋ. ಈಗ ನಿನ್ನನ್ನು ಕರೆಯುತ್ತಿರುವುದು ಕಾನೂನೂ ಅಲ್ಲ, ಸಭೆಯೂ ಅಲ್ಲ. ನೀನು ಬಾರದಿದ್ದರೂ ನಾನು ನಿನ್ನ ಹೆಂಡತಿಯಾಗಿಯೇ ಇರುತ್ತೇನೆ, ಯಾರೂ ಕೇಳುವುದಿಲ್ಲ. ಅದಕ್ಕೇ ಈಗ ಕೇಳುತ್ತಿದ್ದೇನೆ, ಯಾರ ಬಲವಂತವೂ ಇಲ್ಲದ ಹೊತ್ತಿನಲ್ಲಿ. ನಿನಗೆ ನಾನು ಬೇಕಾ?

ಮೆಲಿತ್ತಾ


ಈಜಿನಾ ದ್ವೀಪ
ಎಪಿಡಾರಸ್ ಲೆಕ್ಕದಲ್ಲಿ ಇಳಿಚಂದ್ರನ ಎಂಟನೆಯ ದಿನ

ಪಿಸ್ತಿಯಾಸ್ ಮೆಲಿತ್ತಾಳಿಗೆ: ಸಂತೋಷವಾಗಿರು, ಹೆದರಬೇಡ, ಬರುತ್ತಿದ್ದೇನೆ.

ನನಗಿಂತ ಈ ಹಲಗೆ ಮೊದಲು ತಲುಪಲಿ ಅಂತ ಸ್ಪಂಜು ತುಂಬಿಕೊಂಡು ಹುಟ್ಟು ಹಾಕುತ್ತಾ ಹೋಗುವ ಪುಟ್ಟ ದೋಣಿಯವನಿಗೆ ಕೊಡುತ್ತಿದ್ದೇನೆ. ಅವನ ದೋಣಿಯಲ್ಲಿ ಇನ್ನೊಬ್ಬ ಮನುಷ್ಯನಿಗೆ ಜಾಗವಿಲ್ಲ, ಕಾಲು ಹಿಡಿದರೂ ಹತ್ತಿಸಿಕೊಳ್ಳಲಿಲ್ಲ. ಎದುರು ಗಾಳಿಗೆ ನಮ್ಮ ದೋಣಿ ನಾಲ್ಕು ದಿನದಿಂದ ಇಲ್ಲೇ ಮರಳಿನ ಮೇಲೆ ಬಿದ್ದಿದೆ. ಸಭೆಗೆ ಇನ್ನೂ ಎರಡು ದಿನ ಇದೆ. ಬೆಳಗಾಗುವಷ್ಟರಲ್ಲಿ ಗಾಳಿ ತಿರುಗುತ್ತದೆ ಅಂತ ಅಂಬಿಗರು ಹೇಳುತ್ತಾರೆ, ನೇರ ಬಂದರಿನಿಂದ ಗುಡ್ಡಕ್ಕೇ ಓಡಿ ಬರುತ್ತೇನೆ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂತ ಕೇಳುತ್ತೀಯ. ಬರುವುದಿಲ್ಲ ಅಂತ ಬರೆಯಲು ಕೂತೆ, ಆಗಲಿಲ್ಲ. ಬರುತ್ತೇನೆ ಅಂತ ಬರೆಯಲು ಧೈರ್ಯ ಇರಲಿಲ್ಲ. ನಿನ್ನ ಹಲಗೆಗಳೆಲ್ಲ ನನ್ನ ಚೀಲದಲ್ಲೇ ಇವೆ, ನೀನು ಬರೆದದ್ದನ್ನು ಉಜ್ಜಲು ಮನಸ್ಸಾಗಲಿಲ್ಲ. ಆ ಸವಾರಳ ಮುಖ ಕೆತ್ತಲು ಎಷ್ಟು ಸಲ ಉಳಿ ಎತ್ತಿದೆನೋ, ಅಷ್ಟೂ ಸಲ ನೀನು ಬೈಯುವಾಗಿನ ಮುಖವೇ ಬರುತ್ತಿತ್ತು. ಮೇಸ್ತ್ರಿ ನೋಡಿ, "ಇದೇನಯ್ಯಾ, ಇವಳು ಯುದ್ಧಕ್ಕೆ ಹೊರಟವಳೋ, ಗಂಡನಿಗೆ ಬೈಯೋಕೆ ಹೊರಟವಳೋ?" ಅಂದರು. ಉಳಿ ಅವರ ಕೈಗೇ ಕೊಟ್ಟೆ. "ನನ್ನ ಹೆಸರು ಹೊಡೆದು ಹಾಕಿ," ಅಂದೆ. ಹೊಡೆದು ಹಾಕಿದರು. ಮುಖವನ್ನು ಇನ್ಯಾರೋ ಕೆತ್ತುತ್ತಾರೆ. ಹೋಗಲಿ, ಕುದುರೆ ನನ್ನದೇ.

ಇಲ್ಲಿ ಅಂಬಿಗರನ್ನೇ ಸಭೆ ಮಾಡಿಕೊಂಡು ಮಾತು ಅಭ್ಯಾಸ ಮಾಡುತ್ತಿದ್ದೇನೆ. ಮೊದಲ ದಿನ ಬಾಯಿ ತೆರೆದು ನಿಂತೆ, ಶಬ್ದವೇ ಬರಲಿಲ್ಲ, ಒಬ್ಬ ಮೀನಿನ ತಲೆ ಎಸೆದ. ಎರಡನೆಯ ದಿನ ಕಾನೂನು, ಪೂರ್ವಜರು, ದೇವರು ಎಲ್ಲ ಸೇರಿಸಿ ಉದ್ದವಾಗಿ ಮಾತಾಡಿದೆ, ಎಲ್ಲರೂ ನಿದ್ದೆ ಹೋದರು. ಇವತ್ತು ಮುದುಕ ಅಂಬಿಗನೊಬ್ಬ, "ಅದೆಲ್ಲ ಬಿಡು ಮಗಾ, ಅವಳು ನಿಂಗೆ ಯಾಕೆ ಬೇಕು, ಅದು ಹೇಳು," ಅಂದ. ಹೇಳಿದೆ. ಯಾರೂ ಏನೂ ಎಸೆಯಲಿಲ್ಲ. ಎಲ್ಲರೂ ಮತ ಹಾಕುವ ಹಾಗೆ ನನ್ನ ಪರವಾಗಿ ಮರಳಿನ ಮೇಲೆ ಕಲ್ಲು ಇಟ್ಟರು.

ಸಾವಿರ ಜನರಿರಲಿ, ಹತ್ತು ಸಾವಿರ ಜನರಿರಲಿ, ಡಂಗುರದವನು ಕೂಗಿದ ತಕ್ಷಣ ಎದ್ದು ಅದನ್ನೇ ಹೇಳುತ್ತೇನೆ. ಮರೆತರೆ ಇರಲಿ ಅಂತ ಇಲ್ಲೂ ಬರೆದಿಡುತ್ತೇನೆ:

"ಅಥೆನ್ಸಿನ ಮಹಾಜನರೇ, ಇವಳು ನನ್ನ ಹೆಂಡತಿ. ನನಗೆ ಮಾತು ಬರೋದಿಲ್ಲ, ಮನೇಲಿ ಇಬ್ಬರ ಮಾತನ್ನೂ ಇವಳೇ ಆಡ್ತಾಳೆ. ಇವಳನ್ನ ಕಳ್ಕೊಂಡ್ರೆ ನಾನು ಮೂಗ ಆಗ್ತೀನಿ."

ಪಿಸ್ತಿಯಾಸ್